ಪದ ಬೇಕು: ಐನುಗಳ ‘ಇಯೋಮಾಂತೆ’ಗೆ ‘ಕರಡಿ ಬಲಿ’ ಸರಿಯೇ?

ಬಳಗಕ್ಕೆ ನಮಸ್ಕಾರ. ಜಪಾನಿನ ಉತ್ತರದ ದ್ವೀಪ ಹೊಕ್ಕೈಡೊದ ಮೂಲನಿವಾಸಿ ಐನು ಜನರ ಬಗ್ಗೆ ಒಂದು ಅನುವಾದ, ನಾಳೆ ಸಂಜೆಯೊಳಗೆ ಕೊಡಬೇಕು. ಬೆಟ್ಟದಲ್ಲಿ ಸಿಕ್ಕ ಕರಡಿಮರಿಯನ್ನು ಊರಿಗೆ ತಂದು ಒಂದೆರಡು ವರ್ಷ ಸಾಕಿ (ಎಳೆಮರಿಗೆ ಹೆಂಗಸರು ಎದೆಹಾಲು ಕುಡಿಸಿದ್ದೂ ಉಂಟು), ಚಳಿಗಾಲದಲ್ಲಿ ಕೊಲ್ಲುತ್ತಿದ್ದ ಆಚರಣೆ ಇಯೋಮಾಂತೆ. ‘ಕರಡಿ ಬಲಿ’ ಎಂದು ಬರೆದೆ, ಸಂಪಾದಕರು ಒಪ್ಪುತ್ತಿಲ್ಲ. ಬೇರೇನಿದೆ?
– ಸು.

ಬಲಿ ತಪ್ಪು. ಬಲಿ ದೇವರಿಗೆ ಕೊಡುವಂಥದ್ದು. ಇಲ್ಲಿ ಕರಡಿಯೇ ದೇವರು, ‘ಕಮುಯ್’. ಮಾಂಸ, ತುಪ್ಪಳ ಹೊತ್ತು ಬಂದ ನೆಂಟ. ಪದ ಬಿಡಿಸಿ ನೋಡಿ: ‘ಒಮಾನ್’ ಹೋಗು, ‘ತೆ’ ಪ್ರೇರಣಾರ್ಥಕ, ಮೊದಲ ‘ಇ’ ಅದನ್ನು; ಅಂದರೆ ‘ಅದನ್ನು ಕಳಿಸು’. ಪೂಜೆ ಮುಗಿದ ಮೇಲೆ ದೇವರನ್ನು ಕಳಿಸಿಕೊಡುವುದಕ್ಕೆ ಹೇಳುವ ‘ಉದ್ವಾಸನೆ’ ಹಾಕಿ.
– ರಾ.

ಉದ್ವಾಸನೆಯಂತೆ! ಪುರೋಹಿತರನ್ನೂ ಹೊಕ್ಕೈಡೊಗೆ ಕರೆದೊಯ್ಯಿರಿ. ಹಳಗನ್ನಡದ ‘ಬೇಳ್’, ‘ಬೇಳ್ವೆ’ ಇರುವಾಗ ಸಂಸ್ಕೃತ ಯಾಕೆ? ‘ಕರಡಿಬೇಳ್ವೆ’. ಮುಗಿಯಿತು.
– ಕೆ.

ಮುಗಿದಿಲ್ಲ. ಬೇಳ್ ಅಂದರೆ ಬೆಂಕಿಯಲ್ಲಿ ಹೋಮಿಸು. ಕರಡಿಯನ್ನು ಯಾರೂ ಬೆಂಕಿಗೆ ಹಾಕಿಲ್ಲ.
– ರಾ.

ಗೌರಿಯನ್ನು ಕಳಿಸುವಾಗ ಮಡಿಲಕ್ಕಿ ಕಟ್ಟುವುದಿಲ್ಲವೇ? ಐನುಗಳೂ ಹೆಂಡ, ಉಂಡೆ, ಮರ ಹೆರೆದು ಮಾಡಿದ ಪೂಜೆಯ ಕೋಲು ‘ಇನೌ’ ಕೊಟ್ಟೇ ಕರಡಿಯನ್ನು ದೇವಲೋಕಕ್ಕೆ ಕಳಿಸುತ್ತಿದ್ದರು. ಕಥೆ ಹೇಳುತ್ತ ಸ್ವಾರಸ್ಯದ ಕಡೆ ನಿಲ್ಲಿಸಿಬಿಡುವುದೂ ಇತ್ತು, ಉಳಿದದ್ದು ಕೇಳಲು ಮತ್ತೆ ಬರಲಿ ಅಂತ. ಹಾಗಾಗಿ ‘ಕರಡಿ ಕಳಿಸುವುದು’. ಜಪಾನಿಯವರ ‘ಕುಮಾ ಒಕುರಿ’ಯೂ ಅದೇ.
– ಶಾ.

ಕೊಂದದ್ದು ಎಲ್ಲಿ ಹೋಯಿತು? ಓದಿದವರು ಕಾಡಿಗೆ ಬಿಟ್ಟುಬಂದರು ಅಂದುಕೊಳ್ಳುತ್ತಾರೆ.
– ಕೆ.

ಅದನ್ನು ಮುಂದಿನ ವಾಕ್ಯ ಹೇಳುತ್ತದೆ, ಕೆ. ಅವರೇ. ಎಲ್ಲವನ್ನೂ ಒಂದೇ ಪದದ ತಲೆಗೆ ಹೊರಿಸಬೇಡಿ. ಕೊಲ್ಲುವುದೊಂದನ್ನೇ ಕಂಡು, 1955ರಲ್ಲಿ ಹೊಕ್ಕೈಡೊ ಆಡಳಿತ ಇದನ್ನು ಅನಾಗರಿಕವೆಂದು ಸುತ್ತೋಲೆ ಹೊರಡಿಸಿ ತಡೆದಿತ್ತು. ಅದನ್ನು ಹಿಂತೆಗೆದದ್ದು 2007ರಲ್ಲಿ. ಅಂದಹಾಗೆ, ಮುರಿದ ಪಾತ್ರೆ-ಪಗಡಗಳನ್ನೂ ಅವರು ಹೀಗೆಯೇ ‘ಕಳಿಸು’ತ್ತಿದ್ದರು. ಅದಕ್ಕೂ ಬೇಳ್ವೆಯೋ?
– ಶಾ.

ಇಷ್ಟೆಲ್ಲ ಯಾಕೆ, ‘ಇಯೋಮಾಂತೆ’ ಅಂತಲೇ ಬಿಡಿ. ಕಾಫಿ, ಬಸ್ಸು ಅರಗಿಸಿಕೊಂಡ ಭಾಷೆ ಇದು.
– ಮ.

ಕಾಫಿ ವಸ್ತುವಿನ ಜತೆ ಬಂತು. ಇಯೋಮಾಂತೆ ಯಾವ ಅಂಗಡಿಯಲ್ಲಿ ಸಿಗುತ್ತದೆ? ಸಿಕ್ಕಿದ್ದನ್ನೆಲ್ಲ ಒಳಗೆ ಬಿಟ್ಟುಕೊಂಡೇ ಈ ಗತಿ.
– ಕೆ.

‘ಗತಿ’ ಸಂಸ್ಕೃತ.
– ರಾ.

ಕೊಟ್ಟಾಯಿತು. ತಲೆಬರಹದಲ್ಲಿ ‘ಇಯೋಮಾಂತೆ’, ಒಳಗೆ ‘ಕರಡಿಯನ್ನು ಕಳಿಸಿಕೊಡುವುದು’. ಶಾ. ಅವರಿಗೆ ಋಣಿ. ಇನ್ನು ನೀವುಂಟು, ಬೇಳ್ವೆಯುಂಟು.
– ಸು.