ಚೀಟಿಯಲ್ಲಿ ‘ಸ್ಟೂಪರ್’ ಎಂದಿದೆ, ಅಂದರೆ ಕೋಮಾನಾ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಮಾವನವರಿಗೆ ರಕ್ತದಲ್ಲಿ ಸೋಡಿಯಂ ತೀರಾ ಇಳಿದು ಆಸ್ಪತ್ರೆಗೆ ಸೇರಿಸಿದ್ದೆವು. ಈಗ ಆರಾಮಾಗಿದ್ದಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ‘ಸ್ಟೂಪರ್, ಜಿಸಿಎಸ್ 9’ ಎಂದಿದೆ. ಕೋಮಾಗೆ ಹೋಗಿದ್ದರು ಅಂತಾನಾ? ಈ ಪದ ಎಲ್ಲಿಯದು?

ಉತ್ತರ (ನರರೋಗ ತಜ್ಞೆ): ಚೇತರಿಸಿಕೊಂಡರಲ್ಲ, ಸಂತೋಷ. ಸ್ಟೂಪರ್ ಕೋಮಾ ಅಲ್ಲ, ಅದರಷ್ಟು ಆಳಕ್ಕೆ ಎಚ್ಚರ ತಪ್ಪದ ಹಂತ. ಸುಮ್ನೆ ಕರೆದರೆ ರೋಗಿ ಏಳುವುದಿಲ್ಲ. ಜೋರಾಗಿ ಅಲುಗಾಡಿಸಿದರೆ, ಉಗುರಿನ ಬುಡ ಒತ್ತಿ ನೋವು ಕೊಟ್ಟರೆ ಕಣ್ಣು ಬಿಡುತ್ತಾರೆ, ನರಳುತ್ತಾರೆ, ನಮ್ಮ ಕೈಯನ್ನು ತಳ್ಳಲು ನೋಡುತ್ತಾರೆ. ಬಿಟ್ಟ ಕೂಡಲೇ ಮತ್ತೆ ಮುಳುಗುತ್ತಾರೆ. ಕೋಮಾದಲ್ಲಿ ನೋವು ಕೊಟ್ಟರೂ ಕಣ್ಣು ತೆರೆಯುವುದಿಲ್ಲ. ‘ಮಂಪರು’ ಎಂದರೂ ಸಾಲದು. ಮಂಪರಿನಲ್ಲಿರುವವರು ಹೆಸರು ಹಿಡಿದು ಕರೆದರೆ ಓಗೊಡುತ್ತಾರೆ ಅಲ್ವಾ?

ಪದ ಲ್ಯಾಟಿನ್‌ನದು. ‘ಸ್ಟುಪೇರೆ’ ಅಂದರೆ ದಂಗಾಗಿ ಮರಗಟ್ಟಿ ನಿಲ್ಲುವುದು. ‘ಕೋಮಾ’ ಗ್ರೀಕ್, ಗಾಢ ನಿದ್ದೆ ಎಂದರ್ಥ. ನಾವಾಡುವ ‘ಮೂರ್ಛೆ’ಯ ಸಂಸ್ಕೃತ ಮೂಲಕ್ಕೆ ಹೆಪ್ಪುಗಟ್ಟು ಎಂಬ ಅರ್ಥವೂ ಇದೆ. ಚರಕ ಸಂಹಿತೆಯಲ್ಲಿ ಮದ (ಅಮಲು), ಮೂರ್ಛೆ, ಸಂನ್ಯಾಸ (ಇಲ್ಲಿ ಆಳವಾಗಿ ಎಚ್ಚರ ತಪ್ಪುವುದು) ಎಂದು ಮೂರು ಹಂತಗಳಿವೆ. ಮೊದಲೆರಡು ತಾವಾಗಿಯೇ ಇಳಿಯುತ್ತವೆ, ಸಂನ್ಯಾಸ ಮಾತ್ರ ಔಷಧವಿಲ್ಲದೆ ಇಳಿಯದು ಎನ್ನುತ್ತದೆ. ಎಚ್ಚರ ಹಂತಹಂತವಾಗಿ ಜಾರುತ್ತದೆ ಎಂದು ಅಷ್ಟು ಹಿಂದೆಯೇ ಗಮನಿಸಿದ್ದಾರೆ. ಓದಿದಾಗಲೆಲ್ಲ ನನಗೆ ಅಚ್ಚರಿ.

ಇನ್ನು ಜಿಸಿಎಸ್, ಅಂದರೆ ಗ್ಲಾಸ್ಗೋ ಕೋಮಾ ಸ್ಕೇಲ್, ಎಚ್ಚರದ ಮಟ್ಟದ ಅಳತೆ. ಒಂದೇ ಪದವನ್ನು ಒಬ್ಬೊಬ್ಬ ಡಾಕ್ಟರು ಒಂದೊಂದು ರೀತಿ ಬಳಸಿದರೆ ರೋಗಿಗೇ ತೊಂದರೆ. ಅದಕ್ಕೇ 1974ರಲ್ಲಿ ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ ಅಂಕಗಳ ಅಳತೆ ತಂದರು. ಈಗ ಕಣ್ಣು ತೆರೆಯುವುದಕ್ಕೆ ಹೆಚ್ಚೆಂದರೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6, ಒಟ್ಟು 15. ಕನಿಷ್ಠ 3. ಸಾಮಾನ್ಯವಾಗಿ 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕೋಮಾ ಎನ್ನುತ್ತೇವೆ. ನೋವಿಗೆ ಕಣ್ಣು ಬಿಟ್ಟರೆ 2, ಬರೀ ನರಳಿದರೆ 2, ನೋವಿನ ಜಾಗಕ್ಕೆ ಕೈ ತಂದರೆ 5. ಕೂಡಿದರೆ 9.

ಇನ್ನೊಬ್ಬ ಸದಸ್ಯರು: ಮನೋವೈದ್ಯರೂ ಸ್ಟೂಪರ್ ಅನ್ನುತ್ತಾರಲ್ಲ, ಅದೂ ಇದೇನಾ?

ಉತ್ತರ: ಅಲ್ಲ. ಕೆಟಟೋನಿಯಾದಲ್ಲಿ (ಚಲನೆ, ವರ್ತನೆ ಏರುಪೇರಾಗುವ ಸ್ಥಿತಿ) ಬರುವ ಸ್ಟೂಪರ್ ಬೇರೆ. ರೋಗಿ ಎಚ್ಚರವಾಗಿಯೇ ಇರುತ್ತಾರೆ, ಆದರೆ ಮಾತಿಲ್ಲ, ಅಲುಗಾಟವಿಲ್ಲ. ಸುತ್ತ ಆಡಿದ ಮಾತನ್ನು ಕೇಳಿಸಿಕೊಂಡು ಆಮೇಲೆ ಹೇಳುವವರಿದ್ದಾರೆ. ದಯವಿಟ್ಟು ಅವರ ಮುಂದೆ ಬಾಯಿಗೆ ಬಂದದ್ದು ಮಾತಾಡಬೇಡಿ.

ಪ್ರಶ್ನೆ ಕೇಳಿದವರು: ಧನ್ಯವಾದ ಮೇಡಂ. ಮತ್ತೆ ಹಾಗಾದರೆ?

ಉತ್ತರ: ಜಾಸ್ತಿ ನಿದ್ದೆ, ಗೊಂದಲ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಸೋಡಿಯಂ ಇಳಿದಿರಬಹುದು. ಕರೆದರೆ ಎದ್ದರೋ, ಅಲುಗಾಡಿಸಿದರೆ ಎದ್ದರೋ, ಅದನ್ನು ಅಲ್ಲಿ ಹೇಳಿ.