ಮನೆಯಾಗ ಕನ್ನಡ, ಹೊರಗ ಜರ್ಮನ್: ಬೆಳಗಾವಿ ಸೀಮೆಯಿಂದ ಹೊರಟವರಿಗೆ

"ಅಲ್ಲಿ ಹೋದ ಮ್ಯಾಲೆ ಅವರ ಭಾಷಾ ಕಲೀಬೇಕೋ, ನಮ್ಮದು ಉಳಿಸ್ಕೋಬೇಕೋ?" ಜರ್ಮನಿಗೆ ಹೊರಟ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕುಟುಂಬಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಎರಡೂ ಬೇಕು, ಎರಡೂ ಆಗುತ್ತದೆ. ಬೆಳಗಾವಿಯ ಖಡೇಬಜಾರದಲ್ಲಿ ಒಬ್ಬನೇ ಅಂಗಡಿಯವ ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಲೆಕ್ಕ ಹೇಳುವುದನ್ನು ನೋಡಿ ಬೆಳೆದವರಿಗೆ ಇದು ಹೊಸದೇನಲ್ಲ. ಬಂದು ನೆಲೆಸಿದವರು ಕನ್ನಡ ಕಲಿಯಲಿ ಎಂದು ನಾವು ಬೆಳಗಾವಿಯಲ್ಲಿ ಕೇಳುತ್ತೇವೆ. ಕೇಳುವುದು ನ್ಯಾಯವೇ. ಅದೇ ಮಾತನ್ನು ಜರ್ಮನಿಯವರು ನಮಗೆ ಹೇಳಿದರೆ ಮುಖ ಗಂಟಿಕ್ಕುವುದು ಸರಿಯಲ್ಲ.

ಪೌರತ್ವಕ್ಕೆ ಅವರು ಕೇಳುವುದು ಸಾಮಾನ್ಯವಾಗಿ 5 ವರ್ಷದ ವಾಸ, ಬಿ1 ಮಟ್ಟದ (ದಿನನಿತ್ಯದ ಮಾತುಕತೆ ನಡೆಸುವಷ್ಟು) ಜರ್ಮನ್, ದೇಶದ ಬಗೆಗಿನ 33 ಪ್ರಶ್ನೆಯ ಪರೀಕ್ಷೆಯಲ್ಲಿ 17 ಸರಿಯುತ್ತರ. ಪರೀಕ್ಷೆಯ ಪ್ರಶ್ನೆಗಳು ಮೊದಲೇ ಬಹಿರಂಗವಾಗಿರುತ್ತವೆ, ಓದಿದರೆ ಆಯಿತು. ಕಷ್ಟ ಇರುವುದು ಭಾಷೆಯಲ್ಲಿ. ಅಲ್ಲಿಯ ಸರಕಾರದ ಕೋರ್ಸೇ ಭಾಷೆಗೆ 45 ನಿಮಿಷದ 600 ಪಾಠ ಇಟ್ಟಿದೆ, ದೇಶದ ಕಾನೂನು, ಇತಿಹಾಸಕ್ಕೆ ಮತ್ತೆ 100. ಕಂಪನಿಯಲ್ಲಿ ಇಂಗ್ಲಿಷ್ ನಡೆಯುತ್ತದೆ ಎಂದು ಮುಂದೂಡುತ್ತ ಹೋದರೆ ಪೆಟ್ಟು ಬೀಳುವುದು ಮಗುವಿಗೆ. ಏಳೆಂಟು ವರ್ಷದ ಕೂಸು ದವಾಖಾನೆಯಲ್ಲಿ, ಶಾಲೆಯ ಸಭೆಯಲ್ಲಿ ಅಪ್ಪ ಅವ್ವನ ದುಭಾಷಿಯಾಗಬೇಕಾಗುತ್ತದೆ. ಹೊರಗೆ ಬಾಯಿ ಬರದ ತಂದೆತಾಯಿಯ ಭಾಷೆಯ ಮೇಲೆ ಮಗುವಿಗೆ ಗೌರವ ಹುಟ್ಟುವುದು ಕಷ್ಟ. ಹಾಗಾಗಿ ನಾವು ಜರ್ಮನ್ ಕಲಿಯುವುದೂ ಕನ್ನಡ ಉಳಿಸುವ ಕೆಲಸವೇ.

ಆದರೆ ಕಲಿತ ಹರಕುಮುರುಕು ಜರ್ಮನ್ ಅನ್ನು ಮನೆಯೊಳಗೆ ಮಗುವಿನ ಮೇಲೆ ಪ್ರಯೋಗಿಸಬೇಡಿ. ಒಳ್ಳೆಯ ಜರ್ಮನ್ ಅದಕ್ಕೆ ಶಿಶುವಿಹಾರದಲ್ಲೇ ಸಿಗುತ್ತದೆ. ಅಲ್ಲಿಗೆ ಹೋಗತೊಡಗಿದ ಕೆಲವೇ ತಿಂಗಳಲ್ಲಿ ನೀವು ಕನ್ನಡದಲ್ಲಿ ಕೇಳಿದ್ದಕ್ಕೆ ಮಗು ಜರ್ಮನಿನಲ್ಲಿ ಉತ್ತರಿಸುತ್ತದೆ. ಹೆಚ್ಚಿನ ಮನೆಗಳಲ್ಲಿ ಕನ್ನಡ ಜಾರುವುದು ಇಲ್ಲೇ. ಬೈಯಬೇಡಿ, ನೀವೂ ಜರ್ಮನಿಗೆ ಹೊರಳಬೇಡಿ. ಅದು ಹೇಳಿದ್ದನ್ನೇ ಕನ್ನಡದಲ್ಲಿ ತಿರುಗಿ ಹೇಳಿ, ಮುಂದಿನ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯಿರಿ. "ಹೌದಾ, ಇಲ್ಲಾ" ಎಂದು ಮುಗಿಯುವ ಪ್ರಶ್ನೆ ಬೇಡ. "ಯಾರು ಬಿದ್ರು? ಆಮ್ಯಾಲೆ ಏನಾತು?" ಅನ್ನಿ.

ಇನ್ನೊಂದು ತಪ್ಪು ನಮ್ಮ ಸೀಮೆಯವರದೇ. ಮಗು ಶುದ್ಧ ಕನ್ನಡ ಕಲಿಯಲಿ ಎಂದು "ಏನ್ ಮಾಡಾಕತ್ತಿ" ಬಿಟ್ಟು "ಏನು ಮಾಡುತ್ತಿದ್ದೀಯಾ" ಹಿಡಿಯುತ್ತಾರೆ. ಒಗ್ಗದ ಮಾತು ನಾಲ್ಕು ವಾಕ್ಯಕ್ಕೇ ಬಿಗಿಯಾಗಿ ಇಂಗ್ಲಿಷಿಗೆ ಜಾರುತ್ತದೆ. ನಿಮ್ಮ ಜಮಖಂಡಿ ಮಾತು, ಸಿಂದಗಿ ಮಾತು ಹಾಗೇ ಇರಲಿ. ಊರಿನ ಅಜ್ಜಿ ಆಡುವುದೂ ಅದನ್ನೇ. ಪುಸ್ತಕದ ಕನ್ನಡ ಪುಸ್ತಕದಿಂದ ಬರುತ್ತದೆ.

ಲಿಪಿ ಕಲಿಸುವಾಗ ಅ, ಆ, ಇ, ಈ ಎಂದು ಸಾಲಾಗಿ ಹೊರಟರೆ ವಾರಗಟ್ಟಲೆ ಒಂದು ಪದವೂ ಓದಲು ಸಿಗದೆ ಮಗು ಬೇಸರಪಡುತ್ತದೆ. ನಮ್ಮ ಸರಕಾರಿ ಶಾಲೆಗಳ ನಲಿಕಲಿ ಕ್ರಮ ಹಿಡಿಯಿರಿ: ಮೊದಲು ರ, ಗ, ಸ, ದ, ಅ. ಈ ಐದಕ್ಷರದಲ್ಲೇ ಸರ, ದರ, ರಸ, ಅರಸ, ಅಗಸ, ಗರಗಸ ಓದಬಹುದು. ಕಾಗುಣಿತ ಆಮೇಲೆ, ಒತ್ತಕ್ಷರ ಇನ್ನೂ ಆಮೇಲೆ. ದಿನಕ್ಕೆ ಹತ್ತು ನಿಮಿಷ ಸಾಕು, ಆದರೆ ದಿನಾ ಬೇಕು. ಭಾನುವಾರ ಒಂದೇ ಸಲ ಎರಡು ತಾಸು ಕೂರಿಸಿದರೆ ನಿಲ್ಲುವುದಿಲ್ಲ. ಜರ್ಮನಿನಲ್ಲಿ ಳ, ಣ ಇಲ್ಲ, ಆದ್ದರಿಂದ ಹಲ್ಲಿ ಮತ್ತು ಹಳ್ಳಿ, ಹುಲಿ ಮತ್ತು ಹುಳಿ ಮಗುವಿನ ಕಿವಿಗೆ ಒಂದೇ ಆಗಿಬಿಡುತ್ತವೆ. ಬರೆಸುವ ಮೊದಲು ಚಿತ್ರ ತೋರಿಸಿ ಕೇಳಿಸಿ.

ಊರಿಗೆ ಫೋನ್ ಮಾಡುವ ಹೊತ್ತನ್ನೂ ಲೆಕ್ಕ ಹಾಕಿ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಮೂರೂವರೆ ತಾಸು ವ್ಯತ್ಯಾಸ, ಚಳಿಗಾಲದಲ್ಲಿ ನಾಲ್ಕೂವರೆ. ಅಲ್ಲಿ ಸಂಜೆ 4ಕ್ಕೆ ಮಗು ಮನೆಗೆ ಬಂದಾಗ ಚಳಿಗಾಲದಲ್ಲಿ ವಿಜಯಪುರದಲ್ಲಿ ರಾತ್ರಿ 8:30. "ಉಂಡಿ? ಆರಾಮ ಇದ್ದಿ?" ಎಂದು ಕೇಳಿ ಮುಗಿಸುವ ಕರೆಯಿಂದ ಭಾಷೆ ಬೆಳೆಯುವುದಿಲ್ಲ. ಅಜ್ಜಿ ಜ್ವಾಳದ ರೊಟ್ಟಿ ಬಡಿಯುವಾಗ ಫೋನ್ ಎದುರಿಗಿರಲಿ. "ಬಿಸಿನೀರ್ ಹಾಕ್ಲೋ, ತಣ್ಣೀರೋ?" ಎಂದು ಕೇಳಲಿ. ಮಗು ತಣ್ಣೀರು ಅಂದರೆ ಹಾಗೇ ಕಲೆಸಿ, ಜ್ವಾಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲದೆ ರೊಟ್ಟಿ ಅಂಚಿನಲ್ಲಿ ಸೀಳುವುದನ್ನು ತೋರಿಸಲಿ. ಮಗು ತಾನಾಗಿ ಬಾಯಿ ಬಿಡುತ್ತದೆ.

ಕಾಗದಪತ್ರದಲ್ಲಿ ಎರಡು ವಿಷಯ ತಪ್ಪಬಾರದು. ಅಲ್ಲಿ ಹುಟ್ಟಿದ ಮಗುವಿಗೆ ಭಾರತದ ಪೌರತ್ವ ಬೇಕಿದ್ದರೆ ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ನೋಂದಾಯಿಸಬೇಕು, ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ಬರೆದುಕೊಡಬೇಕು. 2024ರ ಜೂನ್‌ನಿಂದ ಜರ್ಮನಿ ಎರಡು ಪೌರತ್ವ ಒಪ್ಪಿದರೂ ಭಾರತ ಒಪ್ಪುವುದಿಲ್ಲ. ಜರ್ಮನ್ ಪೌರತ್ವಕ್ಕಾಗಿ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ, ಭಾರತ ಮೂಲದ ವಿದೇಶಿಯರಿಗೆ ಕೊಡುವ ಓಸಿಐ ಕಾರ್ಡ್ ಪಡೆದವರು ಕೃಷಿ ಜಮೀನು ಖರೀದಿಸುವಂತಿಲ್ಲ. ಅಪ್ಪನ ಹೊಲ ವಾರಸಾ ಹಕ್ಕಿನಿಂದ ಬರಬಹುದು, ಪಕ್ಕದ ಎರಡೆಕರೆ ಕೊಳ್ಳಲಾಗದು. ಅರ್ಜಿ ಹಾಕುವ ಮೊದಲೇ ಮನೆಯವರೆಲ್ಲ ಹೊಲದ ಉತಾರ (ಪಹಣಿ) ಮುಂದಿಟ್ಟುಕೊಂಡು ಕೂತು ಮಾತಾಡಿ.

ರಜೆಯ ಟಿಕೆಟ್ ತೆಗೆಯುವಾಗಲೂ ಎಚ್ಚರ. ಅಲ್ಲಿ ಶಾಲೆ ಕಡ್ಡಾಯ, ಅನುಮತಿಯಿಲ್ಲದೆ ಮೇ ತಿಂಗಳ ಮದುವೆಗೆಂದು ಮಗುವನ್ನು ಕರೆತಂದರೆ ದಂಡ ಬೀಳಬಹುದು. ಆರು ವಾರದ ಬೇಸಿಗೆ ರಜೆ ಬರುವುದು ರಾಜ್ಯವಾರು ಜೂನ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದೊಳಗೆ. ಆಗ ಇಲ್ಲಿಯ ಅಣ್ಣತಮ್ಮಂದಿರ ಮಕ್ಕಳಿಗೆ ಶಾಲೆ ನಡೆದಿರುತ್ತದೆ. ಹಾಗಾಗಿ ಸಂಜೆ ಬಿಡುವಿರಲಿ. ನೆಂಟರ ಮನೆಗಳ ಸುತ್ತಾಟವನ್ನು ಬೆಳಿಗ್ಗೆಗೇ ಮುಗಿಸಿ, ಐದಕ್ಕೆ ಮಗು ಓಣಿಯಲ್ಲಿರುವಂತೆ ನೋಡಿಕೊಳ್ಳಿ.