ಸೈನ್ಸ್ ಓದಿದೋರು ಡೇಟಾ ಕೆಲಸ ಎಲ್ಲಿ ಕಲತ್ರಿ, ಎಷ್ಟು ಖರ್ಚಾತು? ಅನುಭವ ಹೇಳ್ರಿ

ಬೋರ್‌ವೆಲ್ ಹುಡುಗ, ಕುಷ್ಟಗಿ:
ನಮಸ್ಕಾರ್ರಿ ಎಲ್ಲಾರಿಗೂ. ಎಂಎಸ್ಸಿ ಕೆಮಿಸ್ಟ್ರಿ ಎರಡನೇ ವರ್ಷ. ಪ್ರಾಜೆಕ್ಟಿಗೆ ನಮ್ಮ ತಾಲೂಕಿನ 62 ಬೋರ್ ನೀರು ತಂದು ಫ್ಲೋರೈಡು, ಟಿಡಿಎಸ್ಸು (ನೀರಿನ್ಯಾಗ ಕರಗಿದ ಉಪ್ಪಿನಂಶ), ಪಿಎಚ್ ನೋಡೀವಿ, ಮಳಿಗಿಂತ ಮುಂಚೆ ಒಮ್ಮೆ, ಮಳಿ ಆದಮ್ಯಾಗ ಒಮ್ಮೆ. ಎಲ್ಲಾ ನೋಟ್‌ಬುಕ್ಕಿನ್ಯಾಗ ಐತಿ. ಗೈಡ್ 'ಅನಾಲಿಸಿಸ್ ಮಾಡ್ಕೊಂಡು ಬಾ' ಅಂದ್ರು, ಮುಂದ ಏನೂ ಹೇಳ್ಲಿಲ್ಲ. ನನ್ನ ಕಡೆ 4 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪ್ ಐತಿ. ಇಲ್ಲೊಂದು ಸೆಂಟರಿನವ್ರು ಮೂರು ತಿಂಗಳ ಕೋರ್ಸಿಗೆ 15,000 ಕೇಳಾಕತ್ಯಾರ. ಸೇರ್ಲೋ ಬ್ಯಾಡೋ? ಎಕ್ಸೆಲ್ ಸಾಕೋ, ಪೈಥಾನ್ ಕೋಡಿಂಗ್ ಬೇಕೋ? ಸಬ್‌ಮಿಟ್ ಮಾಡಾಕ ಎರಡು ತಿಂಗಳು ಐತಿ.

ಎರಿಭೂಮಿ ಅಕ್ಕ, ಸಿಂಧನೂರು:
ತಮ್ಮಾ, ಸೆಂಟರ್ ಅಂದ ಕೂಡ್ಲೇ ನನಗ ಹೊಟ್ಟಿ ಉರೀತದ ನೋಡು. 2022ರಾಗ ನಾನು ಅಗ್ರಿ ಎಂಎಸ್ಸಿ ಮಾಡುವಾಗ ಇಂಥದೇ ಒಂದಕ್ಕ ಸೇರಿದೆ. ಫೀಸು 12,500. ಸೇರಿದ ಮ್ಯಾಲ ರಿಜಿಸ್ಟ್ರೇಷನ್ 500. ಬುಕ್ಕು ಅಂತ 350, ಅದು ಬುಕ್ಕಲ್ಲ, ಝೆರಾಕ್ಸಿಗೆ ಸ್ಪೈರಲ್ ಹಾಕಿದ್ದು. ಎಕ್ಸಾಂ ಫೀ 1,200, ಅದನ್ನ ಹಾಲ್ ಟಿಕೆಟ್ ಕೊಡೋ ದಿನ ಹೇಳಿದ್ರು. ಬಸ್ಸು ಆಟೋ ಸೇರಿ ದಿನಕ್ಕ 70, 58 ದಿನ ಹೋಗೀನಿ, 4,060. ಒಟ್ಟು 18,610 ರೂಪಾಯಿ, ಡೈರಿಯಾಗ ಬರದಿಟ್ಟೀನಿ. ಕಲಿಸಿದ್ದೇನು ಅಂದ್ರ ಮೊದಲ ತಿಂಗಳು ಪೇಂಟ್, ವರ್ಡು, ಟೈಪಿಂಗು. ಎರಡನೇ ತಿಂಗಳು ಪವರ್‌ಪಾಯಿಂಟಿನ್ಯಾಗ ಅಕ್ಷರ ಹಾರಿಸೋದು. ಆಮ್ಯಾಲ ಟ್ಯಾಲಿ. ನಾ ಏನು ಕಿರಾಣಿ ಅಂಗಡಿ ಇಡಾಕಿದ್ನೇನು? ಎಕ್ಸೆಲ್ ಕೊನೀ ಒಂಬತ್ತು ದಿನ, ಅದ್ರಾಗ ವಿಲುಕಪ್ ಫಾರ್ಮುಲಾ ಹೇಳೋ ದಿನ ಕರೆಂಟ್ ಹೋಗಿ ಬೋರ್ಡಿನ ಮ್ಯಾಲ ಬರದು ತೋರಿಸಿದ್ರು. ನಗಬ್ಯಾಡ್ರಿ, ಖರೇನ.

ಆತು, ಅದು ಹಾಳಾಗಿ ಹೋಗ್ಲಿ ಅಂತ ಥೀಸಿಸ್ ಅನಾಲಿಸಿಸ್‌ಗೆ ಒಬ್ಬನ ಕಡೆ ಹೋದೆ, 6,000 ತಗೊಂಡ. ನಂದು ತೊಗರಿ ಟ್ರಯಲ್, 8 ಟ್ರೀಟ್‌ಮೆಂಟು, 3 ರೆಪ್ಲಿಕೇಷನ್ನು, 24 ಪ್ಲಾಟು, ಆರ್‌ಸಿಬಿಡಿ, ಅಂದ್ರ ಹೊಲಾನ ಬ್ಲಾಕ್ ಮಾಡಿ ಒಂದೊಂದು ಬ್ಲಾಕಿನ್ಯಾಗ ಎಲ್ಲಾ ಟ್ರೀಟ್‌ಮೆಂಟ್ ಹಾಕೋದು. ಟೇಬಲ್ ಚಂದ ಮಾಡಿ ಕೊಟ್ಟ. ವೈವಾದಾಗ ಹೊರಗಿಂದ ಬಂದ ಸರ್ ಒಂದೇ ಪ್ರಶ್ನೆ ಕೇಳಿದ್ರು, 'ಎರರ್ ಡಿಗ್ರೀಸ್ ಆಫ್ ಫ್ರೀಡಂ 14 ಬರಬೇಕಲ್ಲಮ್ಮಾ, 16 ಹ್ಯಾಂಗ ಬಂತು?' ಡಿಗ್ರೀಸ್ ಆಫ್ ಫ್ರೀಡಂ ಅಂದ್ರ ಲೆಕ್ಕದಾಗ ಸ್ವತಂತ್ರವಾಗಿ ಉಳಿಯೋ ಸಂಖ್ಯೆಗಳ ಎಣಿಕೆ. ನಾ ಸುಮ್ಮ ನಿಂತೆ. ಆ ಲೆಕ್ಕ ಮಾಡಿಕೊಟ್ಟ ಮನಷ್ಯಾ ಬ್ಲಾಕ್ ಬಿಟ್ಟು, ಬ್ಲಾಕೇ ಇಲ್ಲದ ಸಿಆರ್‌ಡಿ ಅಂತ ಓಡಿಸ್ಯಾನ. ಎಲ್ಲಾ ಟೇಬಲ್ ತಿರಗಾ ಮಾಡಿ ನಾಲ್ಕು ಕಾಪಿ ಬೈಂಡಿಂಗ್ ತಿರಗಾ ಹಾಕಿಸಿದೆ, 2,400. ಆವಾಗ ಜೂನಿಯರ್ ಹುಡುಗಿಯೊಬ್ಬಳು ಎಕ್ಸೆಲ್‌ನ್ಯಾಗೇ ಡೇಟಾ ಅನಾಲಿಸಿಸ್ ಟೂಲ್‌ಪ್ಯಾಕ್ ಆನ್ ಮಾಡಿ 'ಟೂ ಫ್ಯಾಕ್ಟರ್ ವಿದೌಟ್ ರೆಪ್ಲಿಕೇಷನ್' ಒತ್ತಿದ್ಲು, ಟ್ರೀಟ್‌ಮೆಂಟಿಗೆ 7, ಬ್ಲಾಕಿಗೆ 2, ಎರರಿಗೆ 14 ಕಣ್ಣ ಮುಂದ ಬಂತು. ಪುಗಸಟ್ಟೆ. ಇಪ್ಪತ್ತು ನಿಮಿಷ.

ಗಣಿಧೂಳು, ಬಳ್ಳಾರಿ:
ಅಕ್ಕಾ, ಅಷ್ಟು ಸುರಿದು ಕೊನೆಗೆ ಎಕ್ಸೆಲ್ಲೇ ದೇವ್ರು ಅಂತೀರಲ್ಲ. ಲೇಡೀಸಿಗೆ ಬಸ್ ಫ್ರೀ ಐತೆ, 4,060 ಎಲ್ಲಿಂದ ಬಂತು ಅದೂ ಗೊತ್ತಾಗ್ಲಿಲ್ಲ. ನಾನು ಒಂದು ರೂಪಾಯಿ ಕೊಡದೆ ಪೈಥಾನ್ ಕಲ್ತಿದೀನಿ, ಅದೂ ಫೋನಲ್ಲಿ. ಲ್ಯಾಪ್‌ಟಾಪೇ ಇರ್ಲಿಲ್ಲ ನಂಗೆ. ಬ್ರೌಸರಲ್ಲೇ ಪೈಥಾನ್ ಓಡಿಸೋ ಗೂಗಲ್ ಕೋಲ್ಯಾಬ್ ಓಪನ್ ಮಾಡಿ ಆರು ಇಂಚಿನ ಸ್ಕ್ರೀನಲ್ಲಿ ಬ್ರಾಕೆಟ್ ಹುಡುಕ್ಕೊಂಡು, ಬ್ಯಾಸಿಗೆ ರಾತ್ರಿ ಮಾಳಿಗೆ ಮೇಲೆ ಕೂತು, ದಿನದ ಒಂದೂವರೆ ಜಿಬಿ ಮುಗಿದ ಮೇಲೆ ತಂಗಿ ಹಾಟ್‌ಸ್ಪಾಟ್ ಹಾಕ್ಕೊಂಡು ಕಲ್ತಿದ್ದು. ಪೆಟ್ಟೂ ತಿಂದಿದೀನಿ. ಮೂರು ದಿನ ಕೂತು ಒಂದು ಸಿಎಸ್‌ವಿ (ಕಾಮಾ ಹಾಕಿ ಬರೆದ ಟೇಬಲ್ ಫೈಲ್) ಕ್ಲೀನ್ ಮಾಡಿ ಎಡಗಡೆ ಫೈಲ್ಸ್ ಅಂತ ಬರುತ್ತಲ್ಲ ಅದ್ರಲ್ಲೇ ಸೇವ್ ಮಾಡಿ ಅಣ್ಣನ ಮದುವೆಗೆ ಹೋದೆ. ಬಂದು ನೋಡಿದ್ರೆ ನೋಟ್‌ಬುಕ್ ಐತೆ, ಫೈಲ್ ಇಲ್ಲ. ರನ್‌ಟೈಮ್, ಅಂದ್ರೆ ಗೂಗಲ್ ಕೊಟ್ಟಿರೋ ತಾತ್ಕಾಲಿಕ ಕಂಪ್ಯೂಟರ್, ಕಟ್ಟಾದ್ರೆ ಅಲ್ಲಿರೋದೆಲ್ಲ ಅಳಿಸಿ ಹೋಗುತ್ತೆ, ಗೂಗಲ್ ಡ್ರೈವ್ ಜೋಡಿಸಿ (ಮೌಂಟ್ ಮಾಡಿ) ಅದ್ರೊಳಗೆ ಇಡ್ಬೇಕಿತ್ತು. ಓದ್ದೆ ಇದ್ದಿದ್ದು ನಾನು, ಅನುಭವಿಸ್ದೆ. ಮತ್ತೆ ಮೂರು ದಿನ.

ಎಕ್ಸೆಲ್ ಬಗ್ಗೆ ಹೇಳ್ತೀನಿ ಕೇಳ್ರಿ. 2020ರಲ್ಲಿ ಇಂಗ್ಲೆಂಡಲ್ಲಿ ಕೊರೊನಾ ಪಾಸಿಟಿವ್ ಕೇಸು 15,841 ಲೆಕ್ಕಕ್ಕೇ ಬರ್ಲಿಲ್ಲ, ಯಾಕಂದ್ರೆ ಎಕ್ಸೆಲ್‌ನ ಎಕ್ಸ್‌ಎಲ್‌ಎಸ್ ಫೈಲಿಗೆ 65,536 ಸಾಲೇ ಕೊನೆ. ಮಾರ್ಚ್1, ಸೆಪ್ಟ್2 ಅಂತ ಜೀನುಗಳಿದ್ವು, ಎಕ್ಸೆಲ್ ಅವನ್ನ ತಾರೀಕು ಮಾಡುತ್ತೆ ಅಂತ ಆ ಜೀನುಗಳ ಹೆಸರೇ ಬದಲಾಯಿಸಿದ್ರು. ಇಂಥದ್ರಲ್ಲಿ ಸೈನ್ಸ್ ಮಾಡ್ತೀರಾ?

ಎರಿಭೂಮಿ ಅಕ್ಕ, ಸಿಂಧನೂರು:
2022 ಅಂತ ಮೊದಲಿಗೇ ಬರದೀನಲ್ಲೋ. ಶಕ್ತಿ ಯೋಜನೆ ಚಾಲೂ ಆಗಿದ್ದು 2023ರ ಜೂನ್ 11ಕ್ಕ. ಪೈಥಾನ್ ಕಲತೋರಿಗೆ ತಾರೀಕು ಓದಾಕ ಬರಂಗಿಲ್ಲೇನು?

ಪಿಪೆಟ್ ಮೇಷ್ಟ್ರು, ಕೊಪ್ಪಳ:
ನಾನು ಹನ್ನೊಂದು ವರ್ಷದಿಂದ ಗೆಸ್ಟ್ ಲೆಕ್ಚರರ್, ಪರ್ಮನೆಂಟ್ ಆಗೋದು ಯಾವಾಗೋ ಆ ಶಿವನಿಗೇ ಗೊತ್ತು, ಅದು ಬೇರೆ ಕಥಿ. ಗಣಿಧೂಳು ಅವರೇ, 65,536 ಅನ್ನೋದು ಹಳೇ ಫಾರ್ಮ್ಯಾಟಿಗೆ. ಎಕ್ಸ್‌ಎಲ್‌ಎಸ್‌ಎಕ್ಸ್ ಬಂದು ಎಷ್ಟು ವರ್ಷ ಆತು, ಅದ್ರಾಗ 10,48,576 ಸಾಲು ಐತಿ. ಬಳ್ಳಾರಿಯವ್ರಿಗೆ ಅಷ್ಟು ಸಾಲಿನ ಡೇಟಾ ಯಾರು ಕೊಟ್ಟಾರ?

ತಪ್ಪು ಎಕ್ಸೆಲ್‌ದಲ್ಲ, ಕೂಡಿಸೋರದು. ನಂದೇ ಹೇಳ್ತೀನಿ. 2024ರಾಗ ಒಂದು ಮಣ್ಣಿನ ಸ್ಯಾಂಪಲ್ ಕೆಲಸಕ್ಕೆ ಹೊಲದ ಸರ್ವೆ ನಂಬರೇ ಸ್ಯಾಂಪಲ್ ನಂಬರ್ ಅಂತ ಇಟ್ಕೊಂಡಿದ್ದೆ, ಪಹಣಿ ನೋಡಿ ತಾಳೆ ಹಾಕಾಕ ಅನುಕೂಲ ಅಂತ. 143/2 ಅಂತ ಹೊಡದ್ರ 143/2 ಅಂತನೇ ಕುಂತ್ಕೊಳ್ತು. 12/2 ಹೊಡದ್ರ 12-ಫೆಬ್ ಆತು. ನಾ ನೋಡ್ಲೇ ಇಲ್ಲ. ಆಮ್ಯಾಲ ನೋಡಿ ಕಾಲಂನ ಟೆಕ್ಸ್ಟ್ ಮಾಡಿದೆ, 45334 ಅಂತ ಬಂತು. ಆ ನಂಬರಿನ ಹೊಲ ಕರ್ನಾಟಕದಾಗ ಎಲ್ಲೈತ್ರಿ? 31 ರೈತರ ಹೊಲ ಹಿಂಗ ತಾರೀಕು ಆಗಿ ಹೋಗಿದ್ವು. ಕವರಿನ ಮ್ಯಾಲ ಪೆನ್ಸಿಲ್‌ಲೆ ಬರದಿದ್ವಿ, ಅರ್ಧ ಅಳಿಸಿತ್ತು. ಎರಡು ದಿನ ಪೆಟ್ರೋಲ್ ಸುಟಗೊಂಡು ಮನಿ ಮನಿಗೆ ಹೋಗಿ ಕೇಳೀನಿ. ಟೈಪ್ ಮಾಡೋಕಿಂತ ಮುಂಚೆ ಕಾಲಂ ಟೆಕ್ಸ್ಟ್ ಮಾಡಿದ್ರ ಮುಗೀತಿತ್ತು.

ಇನ್ನೊಂದು ಐತಿ, ಅದು ನಾಚಿಕಿ ವಿಷಯ. ಒಂದು ಊರಿನ 40 ಬೋರ್ ನೀರು, ಫ್ಲೋರೈಡು, ಸ್ಪ್ಯಾಡ್ನ್ಸ್ ಅನ್ನೋ ಬಣ್ಣದ ರಾಸಾಯನಿಕ ಹಾಕಿ 570 ನ್ಯಾನೋಮೀಟರ್ ಬೆಳಕಿನ್ಯಾಗ ಓದಿದ್ದು. 11 ಸ್ಯಾಂಪಲ್ಲಿಗೆ ಬಿಡಿಎಲ್, ಅಂದ್ರ ಮಷಿನ್ ಹಿಡಿಯೋ ಮಿತಿಗಿಂತ ಕಮ್ಮಿ, ಅಂತ ಬರದಿದ್ದೆ. ಆ್ಯವರೇಜ್ ಹೊಡದೆ, 1.62 ಬಂತು. ಕುಡಿಯೋ ನೀರಿಗೆ ಬಿಐಎಸ್ (ಭಾರತದ ಗುಣಮಟ್ಟ ಸಂಸ್ಥೆ) ಹೇಳೋದು ಲೀಟರಿಗೆ 1.0 ಮಿಲಿಗ್ರಾಂ, ಬೇರೆ ನೀರಿಲ್ಲಂದ್ರ 1.5ರ ತನಕ. ನಾನು ಪಂಚಾಯ್ತಿಯವ್ರ ಮುಂದ ನಿಂತು 'ನಿಮ್ಮೂರ ಸರಾಸರಿ ಮಿತಿ ದಾಟೈತಿ' ಅಂತ ಭಾಷಣ ಹೊಡದೆ. ಮನಿಗೆ ಬಂದು ನೋಡಿದ್ರ ಆ್ಯವರೇಜ್ ಅನ್ನೋದು ಅಕ್ಷರ ಇರೋ ಸೆಲ್ ಬಿಟ್ಟು 29ಕ್ಕೆ ಅಷ್ಟ ಭಾಗಿಸೈತಿ. ಡಿಟೆಕ್ಷನ್ ಲಿಮಿಟ್ 0.1, ಅದ್ರ ಅರ್ಧ 0.05 ಅಂತ ಆ ಹನ್ನೊಂದಕ್ಕೂ ಹಾಕಿ 40ಕ್ಕೆ ಭಾಗಿಸಿದ್ರ 1.19, 1.5ರ ಒಳಗ. ತಿರಗಾ ಹೋಗಿ ಹೇಳಾಕ ಮುಖ ಇರ್ಲಿಲ್ಲ, ಆದ್ರೂ ಹೋಗಿ ಹೇಳೀನಿ.

ಗಣಿಧೂಳು, ಬಳ್ಳಾರಿ:
ಅದನ್ನೇ ಅಲ್ವಾ ಸರ್ ನಾನು ಹೇಳಿದ್ದು? ಪೈಥಾನಿನ ಪಾಂಡಾಸ್ ಲೈಬ್ರರಿಯಲ್ಲಿ ಆ ಕಾಲಂ ನಂಬರ್ ಅಲ್ಲ ಅಂತ ತೋರ್ಸುತ್ತೆ, ಮೀನ್ (ಸರಾಸರಿ) ಕೇಳಿದ್ರೆ ಎರರ್ ಹೊಡಿಯುತ್ತೆ. ಸುಳ್ಳು ಸರಾಸರಿ ಕೊಟ್ಟು ನಿಮ್ಮನ್ನ ಪಂಚಾಯ್ತಿಗೆ ಕಳ್ಸಲ್ಲ.

ಪಿಪೆಟ್ ಮೇಷ್ಟ್ರು, ಕೊಪ್ಪಳ:
ಎರರ್ ಬಂದ್ರ ನೀವೇನ್ ಮಾಡ್ತೀರಿ? ನೆಟ್ಟಿನ್ಯಾಗ ಹುಡುಕಿ ಟು ನ್ಯೂಮರಿಕ್, ಎರರ್ಸ್ ಈಕ್ವಲ್ ಟು ಕೋಯರ್ಸ್ ಅಂತ, ಕಾಲಂನ ಒತ್ತಾಯಕ್ಕ ನಂಬರ್ ಮಾಡೋ ಕೋಡ್ ಅಂಟಿಸ್ತೀರಿ. ಬಿಡಿಎಲ್ ಎಲ್ಲಾ ನ್ಯಾನ್ (ಖಾಲಿ ಬೆಲೆ) ಆಗ್ತಾವ, ಮೀನ್ ಅವನ್ನ ಬಿಟ್ಟು ಲೆಕ್ಕ ಹಾಕ್ತೈತಿ. ಬರೋದು ಅದ 1.62. ಮಾಡಿ ನೋಡಿ ಹೇಳ್ರಿ.

ಗಣಿಧೂಳು, ಬಳ್ಳಾರಿ:
ಮಾಡಿ ನೋಡ್ದೆ. ಸರಿ. ಆದ್ರೂ ಕೋಡಲ್ಲಿ ನಾನು ಏನು ಮಾಡಿದೀನಿ ಅಂತ ಬರೆದಿರುತ್ತೆ, ಇನ್ನೊಬ್ರು ಓದಿ ತಪ್ಪು ಹಿಡೀಬಹುದು. ನೀವು ಮೌಸಲ್ಲಿ ಎಲ್ಲೆಲ್ಲಿ ಒತ್ತಿದ್ರಿ ಅಂತ ಯಾರಿಗೆ ಗೊತ್ತು? ಅಕ್ಕನ 16 ಹಂಗೇ ಬಂದಿದ್ದು.

ಹಳೇ ಪೆನ್‌ಡ್ರೈವ್, ರಾಯಚೂರು:
ನೀವು ಎಕ್ಸೆಲ್ಲು ಪೈಥಾನು ಅಂತ ಬಡದಾಡ್ರಿ. ನಂದು ಕೇಳ್ರಿ. ಎಲ್ಲಾರೂ ಎಸ್‌ಪಿಎಸ್‌ಎಸ್ ಅನ್ನೋ ರೊಕ್ಕದ ಸ್ಟ್ಯಾಟಿಸ್ಟಿಕ್ಸ್ ಸಾಫ್ಟ್‌ವೇರ್ ಬೇಕು ಅಂದ್ರು, ಒಬ್ಬ ದೋಸ್ತ್ ಪೆನ್‌ಡ್ರೈವಿನ್ಯಾಗ ಕ್ರ್ಯಾಕ್, ಅಂದ್ರ ಕಳ್ಳ ಕಾಪಿ, ತಂದು ಕೊಟ್ಟ. ಆ್ಯಂಟಿವೈರಸ್ ಆಫ್ ಮಾಡಿ ಹಾಕು ಅಂದ, ಹಾಕಿದೆ. ಐದನೇ ದಿನ ಮುಂಜಾನೆ ನೋಡಿದ್ರ ಎಲ್ಲಾ ಫೈಲಿನ ಹೆಸರ ಹಿಂದ ಎಂಥದೋ ಬಾಲ ಸೇರ್ಯದ, ಒಂದೂ ತೆರಿಯಂಗಿಲ್ಲ. ಫೋಲ್ಡರಿಗೊಂದು ಚೀಟಿ, ಡಾಲರ್ ಕೊಡು ಅಂತ. ಅಂಗಡಿಯಾಂವ 'ರಿಕವರಿ ಮಾಡ್ತೀನಿ' ಅಂತ 2,500 ಇಸ್ಕೊಂಡ, ನಾಲ್ಕು ದಿನ ಇಟ್ಕೊಂಡು ಫಾರ್ಮ್ಯಾಟ್ ಮಾಡಿ ಕೊಟ್ಟ. ಏಳು ತಿಂಗಳ ಲ್ಯಾಬ್ ರೀಡಿಂಗು, ತಂಗಿ ನಿಶ್ಚಿತಾರ್ಥದ ಫೋಟೋ ಎಲ್ಲಾ ಹೋತು. ಉಳಿದಿದ್ದು ನಾ ನನಗೇ ಮೇಲ್ ಹಾಕ್ಕೊಂಡಿದ್ದ ಎರಡು ಶೀಟು ಅಷ್ಟೇ. ಈಗ ಎಕ್ಸೆಲ್ ಥರದ ಲಿಬ್ರೆ ಆಫೀಸು, ಲೆಕ್ಕಕ್ಕ ಆರ್ ಅನ್ನೋ ಸಾಫ್ಟ್‌ವೇರ್. ಎರಡೂ ಪುಗಸಟ್ಟೆ, ಕಳ್ಳತನ ಇಲ್ಲ. ಎರಡು ಸರಾಸರಿ ಹೋಲಿಸೋ ಟಿ ಟೆಸ್ಟ್ ಒಂದು ಸಾಲಿನ್ಯಾಗ ಆಗ್ತದ. ಮಂದಿ 'ಎಲ್ಲಾರೂ ಕ್ರ್ಯಾಕೇ ಹಾಕ್ಯಾರ' ಅಂತಾರ, ನೀವು ಹಾಕ್ಕೊಳ್ರಿ, ಆಮ್ಯಾಲ ನನಗ ಫೋನ್ ಮಾಡಬ್ಯಾಡ್ರಿ.

ಮಿರ್ಚಿ ಬಜ್ಜಿ, ಗಂಗಾವತಿ:
ಲಿಬ್ರೆ ಆಫೀಸಿನ್ಯಾಗ ನಮ್ಮ ಗೈಡ್ ಫೈಲ್ ತೆರದ್ರ ಟೇಬಲ್ ಎಲ್ಲಾ ಚೆಲ್ಲಾಪಿಲ್ಲಿ ಆಗ್ತೈತಿ ಗುರುವೇ, ಅದನ್ನ ಯಾಕ ಹೇಳ್ಲಿಲ್ಲ?

ನಾನು ಐಐಟಿಯವ್ರ ಆನ್‌ಲೈನ್ ಕೋರ್ಸ್ ಎನ್‌ಪಿಟಿಇಎಲ್ ಮಾಡೀನಿ. ನೋಡಾಕ ಫ್ರೀ, ಪರೀಕ್ಷಾಕ್ಕ 1,000 ಕಟ್ಟೀನಿ. ಡಿಗ್ರಿ ತನಕ ಕನ್ನಡ ಮೀಡಿಯಂ ನಂದು, ಒಂದು ವಿಡಿಯೋ ಮೂರು ಮೂರು ಸಲ ನೋಡೀನಿ, ನಿಲ್ಸಿ ನಿಲ್ಸಿ. ಅಸೈನ್‌ಮೆಂಟಿನ್ಯಾಗ 25ಕ್ಕ 22. ಸೆಂಟರ್ ಬಿದ್ದಿದ್ದು ಹುಬ್ಬಳ್ಳಿ. ಹಿಂದಿನ ದಿನ ಹೋಗಿ ಲಾಡ್ಜ್ 600, ಊಟ 180, ರೈಲು ಬ್ಯಾರೆ. ಪರೀಕ್ಷಾದಾಗ 75ಕ್ಕ 28 ಬಂತು. ಒಟ್ಟು 50 ಆತಲ್ಲ ಪಾಸು ಅಂತ ಮನ್ಯಾಗ ಪೇಢೆ ಹಂಚಿಸಿಬಿಟ್ಟಿದ್ದೆ. ಆಮ್ಯಾಲ ಗೊತ್ತಾತು, ಪರೀಕ್ಷಾದಾಗ ಬ್ಯಾರೇನ 30 ಬರಬೇಕಂತ. ಎರಡು ಮಾರ್ಕು! ನಿಯಮ ಮೊದಲಿಗೇ ಬರದಿದ್ರು, ಓದದ್ದು ನನ್ನ ತಪ್ಪು. ಪೇಢೆದ್ದು ಅರ್ಧ ಕಿಲೋ ಲೆಕ್ಕ ನಮ್ಮವ್ವ ಇನ್ನೂ ತಗೀತಾಳ. ಆಮ್ಯಾಲ ಐಐಟಿ ಬಾಂಬೆಯವ್ರ ಸ್ಪೋಕನ್ ಟ್ಯುಟೋರಿಯಲ್ ಸಿಕ್ತು, ಕನ್ನಡದಾಗೇ ಹೇಳ್ತಾರ, ಹತ್ತು ಹತ್ತು ನಿಮಿಷದ್ದು. ಅದು ಮೊದಲ ಸಿಕ್ಕಿದ್ರ ನಾ ಲಾಡ್ಜಿನ ತಿಗಣಿ ಕಡಿಸ್ಕೊಳ್ತಿರ್ಲಿಲ್ಲ.

ಗಣಿಧೂಳು, ಬಳ್ಳಾರಿ:
ಕನ್ನಡದಲ್ಲಿ ಕಲ್ತು ಎರರ್ ಮೆಸೇಜ್ ಯಾವ ಭಾಷೆಲಿ ಓದ್ತೀರಾ ಬಜ್ಜಿಯವ್ರೇ?

ಮಿರ್ಚಿ ಬಜ್ಜಿ, ಗಂಗಾವತಿ:
ನೀನು ಇಂಗ್ಲೀಷಿನ್ಯಾಗ ಕಲತು ಮದಿವಿಗೆ ಹೋಗಿ ಫೈಲ್ ಕಳಕೊಂಡೆಲ್ಲಪಾ. ಅದೂ ಇಂಗ್ಲೀಷಿನ್ಯಾಗೇ ಬರದಿದ್ರಲ್ಲ?

ಹಳೇ ಪೆನ್‌ಡ್ರೈವ್, ರಾಯಚೂರು:
ಕನ್ನಡ ಅಂದ್ರ ನೆನಪಾತು. ರೈತರ ಹೆಸರು ಕನ್ನಡದಾಗ ಇರೋ ಸಿಎಸ್‌ವಿ ಎಕ್ಸೆಲ್‌ನ್ಯಾಗ ಡಬಲ್ ಕ್ಲಿಕ್ ಮಾಡಿದ್ರ ಬರೀ ಕಸ ಕಾಣ್ತದ. ಡೇಟಾ ಟ್ಯಾಬಿಂದ ಟೆಕ್ಸ್ಟ್ ಇಂಪೋರ್ಟ್ ಮಾಡಿ ಯುಟಿಎಫ್-8 (ಯುನಿಕೋಡ್ ಅಕ್ಷರದ ಎನ್‌ಕೋಡಿಂಗ್) ಆರಿಸ್ಬೇಕು. ನುಡಿ ಹಳೇ ಫಾಂಟಿನ್ಯಾಗ ಹೊಡದಿದ್ರ ಅದೂ ಕೆಲಸ ಮಾಡಂಗಿಲ್ಲ, ಮೊದಲು ಯುನಿಕೋಡ್‌ಗೆ ಬದಲಾಯಿಸ್ಬೇಕು. ಇದನ್ನ ಯಾವ ಸೆಂಟರಿನಾಂವ ಹೇಳ್ಯಾನ?

ಎರಿಭೂಮಿ ಅಕ್ಕ, ಸಿಂಧನೂರು:
ನನಗ ಪವರ್‌ಪಾಯಿಂಟಿನ್ಯಾಗ ಅಕ್ಷರ ಹಾರಿಸೋದು ಹೇಳ್ಯಾರ.

ಬೋರ್‌ವೆಲ್ ಹುಡುಗ, ಕುಷ್ಟಗಿ:
ಎಲ್ಲಾರಿಗೂ ಥ್ಯಾಂಕ್ಸ್ ರೀ. ನೋಟ್‌ಬುಕ್ ತೆಗೆದು ನೋಡಿದೆ, 9 ಕಡೆ ಬಿಡಿಎಲ್ ಅಂತ ಬರದೀನಿ, ಮೇಷ್ಟ್ರು ಹೇಳಿದ್ದು ಓದಿ ಎದಿ ಧಸಕ್ಕಂತು. ಆದ್ರ 4 ಜಿಬಿ ಸಾಕೋ ಇಲ್ಲೋ ಅಂತ ಕೇಳಿದ್ದೆ, ಅದನ್ನ ಯಾರೂ ಹೇಳ್ಲಿಲ್ಲ.

ಪಿಪೆಟ್ ಮೇಷ್ಟ್ರು, ಕೊಪ್ಪಳ:
62 ಸಾಲಿಗೆ 4 ಜಿಬಿ ಅಲ್ಲ, ನಮ್ಮ ಕಾಲೇಜಿನ ಧೂಳು ಹಿಡದ ಡಬ್ಬಿನೂ ಸಾಕು. ಮಳಿ ಮುಂಚೆ, ಮಳಿ ನಂತರ ಎರಡೂ ಸಲ ಅವೇ ಬೋರ್ ಏನು? ಹಂಗಿದ್ರ ಪೇರ್ಡ್ ಟಿ ಟೆಸ್ಟ್, ಅಂದ್ರ ಒಂದೇ ಬೋರಿನ ಎರಡು ರೀಡಿಂಗ್ ಜೋಡಿ ಮಾಡಿ ಹೋಲಿಸೋದು. ಎಕ್ಸೆಲ್‌ನ್ಯಾಗ ಟಿ.ಟೆಸ್ಟ್ ಫಾರ್ಮುಲಾ ಹಾಕಿ ಕೊನೀ ಟೈಪ್ ಜಾಗಕ್ಕ 1 ಕೊಡು.

ಬೋರ್‌ವೆಲ್ ಹುಡುಗ, ಕುಷ್ಟಗಿ:
ಅವೇ ರೀ ಸರ್, ಆದ್ರ ಮಳಿ ನಂತರ 57 ಅಷ್ಟ ಸಿಕ್ಕಾವು. ಐದು ಬೋರಿನ ಮೋಟ್ರು ಸುಟ್ಟಿದ್ವು.

ಪಿಪೆಟ್ ಮೇಷ್ಟ್ರು, ಕೊಪ್ಪಳ:
ಹಂಗಾರ 57 ಜೋಡಿನೇ. ಐದು ಬಿಟ್ಟೀವಿ ಅಂತ ಥೀಸಿಸ್‌ನ್ಯಾಗ ಬರಿ, ಮುಚ್ಚಿಡಬ್ಯಾಡ. ಬೋರ್ ನಂಬರ್ ಕಾಲಂ ಮೊದಲು ಟೆಕ್ಸ್ಟ್ ಮಾಡ್ಕೊ.

ಗಣಿಧೂಳು, ಬಳ್ಳಾರಿ:
ಕೋರ್ಸ್ ಮೂರು ತಿಂಗಳು, ಸಬ್‌ಮಿಷನ್ ಎರಡು ತಿಂಗಳಿಗೆ. ಇದನ್ನ ಒಬ್ರೂ ನೋಡ್ಲಿಲ್ಲ, ನಂಗೆ ತಾರೀಕು ಓದಕ್ಕೆ ಬರಲ್ಲ ಅಂತೀರಾ.

ಬೋರ್‌ವೆಲ್ ಹುಡುಗ, ಕುಷ್ಟಗಿ:
ಈಗ ಸೆಂಟರಿನವ್ರು ಫೋನ್ ಮಾಡಿದ್ರು. ಎರಡು ತಿಂಗಳಾಗ ಮುಗಿಸ್ತೀವಿ, 11,000 ಕೊಡು ಅಂತಾರ. ಏನ್ ಹೇಳ್ಲಿ?

ಎರಿಭೂಮಿ ಅಕ್ಕ, ಸಿಂಧನೂರು:
ಎಕ್ಸಾಂ ಫೀ ಸೇರಿಸ್ಯಾರೇನು ಕೇಳು.